ಕಳೆಯುವ ಸಿಟ್ಟು, ಕೂಡುವ ಸಿಟ್ಟು

ನಮ್ಮ ಅಳತೆಯಕ್ಕನ ಕೊರಳಲ್ಲಿ ಟೇಪು ನೇತಾಡಲು ಶುರುವಾಗಿ ಮೂವತ್ತೊಂದು ವರ್ಷ. ಆ ಟೇಪಿನ ಮೊದಲ ನಾಲ್ಕು ಇಂಚಿನ ಅಂಕಿಗಳು ಸವೆದು ಅಳಿಸಿಯೇ ಹೋಗಿವೆ. ಅದರಿಂದ ಅವಳಿಗೇನೂ ತೊಂದರೆಯಿಲ್ಲ. ನಾಲ್ಕು ಇಂಚಿನ ಎದೆಯವನು ಇನ್ನೂ ಹುಟ್ಟಿಲ್ಲವಲ್ಲ.

ನನಗಿಂತ ಆರು ವರ್ಷ ಚಿಕ್ಕವಳು, ಆದರೂ ಅಕ್ಕ. ಟೇಪು ಕೊರಳಲ್ಲಿದ್ದವರು ಹಿರಿಯರು, ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದವರು ಕಿರಿಯರು. ಅವಳು ನನ್ನನ್ನು ಇಸ್ತ್ರಿಯಣ್ಣ ಎನ್ನುತ್ತಾಳೆ. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ಹಿರಿಯರಾಗಿ, ಕಿರಿಯರೇ ಇಲ್ಲದ ಅಂಗಡಿಯಲ್ಲಿ ದುಡಿಯುತ್ತಿದ್ದೇವೆ.

ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಮೂರು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಒಂದು ಪರದೆ. ಪರದೆ ಎಳೆದರೆ ಟ್ರಯಲ್ ರೂಮು, ಸರಿಸಿದರೆ ನನ್ನ ಇಸ್ತ್ರಿ ಮೇಜು. ಗೋಡೆಯ ಕನ್ನಡಿ ಸರಿಯಾಗಿ ಸೊಂಟದ ಎತ್ತರಕ್ಕೆ ಬಿರುಕು ಬಿಟ್ಟಿರುವುದರಿಂದ ಅದರಲ್ಲಿ ನೋಡಿಕೊಂಡವರೆಲ್ಲ ಎರಡು ತುಂಡಾಗಿ ಕಾಣುತ್ತಾರೆ. “ಒಳ್ಳೇದೇ ಆಯ್ತಲ್ಲ, ಅಂಗಿ ಬೇರೆ ಪ್ಯಾಂಟು ಬೇರೆ ನೋಡ್ಕೊಳ್ಳಿ” ಎಂದು ಅಕ್ಕ ಸಮಾಧಾನ ಹೇಳುತ್ತಾಳೆ.

ಬೇರೆ ದರ್ಜಿಗಳ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ಭುಜ, ತೋಳು, ಕತ್ತು ಎಂದು ಐದು ಕಾಲಂ ಇರುತ್ತದೆ. ಅಕ್ಕನ ಪುಸ್ತಕದಲ್ಲಿ ಆರನೆಯದೂ ಒಂದಿದೆ. ಅದರ ತಲೆಯ ಮೇಲೆ ‘ಸಿಟ್ಟು’ ಎಂದು ಬರೆದಿದೆ. ಕೆಳಗೆ ಪ್ರತಿಯೊಬ್ಬರ ಸಾಲಿನಲ್ಲೂ ಒಂದು ಮಾತು, ಒಂದು ಲೆಕ್ಕ: ‘ಸಿಡುಕ, ಒಂದಿಂಚು ಕೂಡು’, ‘ಮುನಿಸು, ಮುಕ್ಕಾಲು ಕಳೆ’.

ನಗಬೇಡಿ. ಈ ಕಾಲಮ್ಮಿನ ಹಿಂದೆ ಒಂದು ಮನೆತನದ ವಿದ್ಯೆಯಿದೆ.

ಅಕ್ಕನ ಅಪ್ಪನೂ ದರ್ಜಿಯೇ. ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ಸೀಳಿಕೊಳ್ಳುತ್ತಿತ್ತು, ಅಷ್ಟು ಕೈಗುಣ. ಸಿಟ್ಟಿನ ವಿಷಯಕ್ಕೆ ಬಂದರೆ, ಅವರು ಒಮ್ಮೆ ಕೆಮ್ಮಿದರೆ ಪಕ್ಕದ ಬೀದಿಯ ಹಾಲು ಒಡೆಯುತ್ತಿತ್ತು. ಇಂಥ ಗಂಡನ ಜೊತೆ ಬಾಳಿದ ಅಕ್ಕನ ತಾಯಿ ಸಿಟ್ಟಿನ ಒಂದೊಂದು ಜಾತಿಗೂ ಒಂದೊಂದು ಹೆಸರಿಟ್ಟು, ಒಂದೊಂದಕ್ಕೂ ಬೇರೆ ಮದ್ದು ಕಂಡುಹಿಡಿದಿದ್ದರು. ಸಂಜೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿದರೆ ಅಡುಗೆಮನೆಯಲ್ಲಿ ಮಗಳಿಗೆ ಪರೀಕ್ಷೆ ಶುರು.

“ಏನು ಇವತ್ತು, ಹೇಳು?”

“ಸಿಡಿಮಿಡಿ ಅಮ್ಮಾ.”

“ಸಿಡಿಮಿಡಿ ಅಲ್ಲ ಕಣೇ. ಆಗಿದ್ರೆ ಎರಡು ಚಪ್ಪಲಿ ಎರಡು ದಿಕ್ಕಿಗೆ ಹಾರ್ತಿದ್ವು. ಜೋಡಿಸಿ ಇಟ್ಟಿದಾರೆ ನೋಡು. ಇದು ಸೆಡವು. ಯಾರೋ ಮರ್ಯಾದೆ ಕೊಟ್ಟಿಲ್ಲ. ಹೋಗು, ಮೊದಲು ಕೂತ್ಕೊಳ್ಳಿ ಅನ್ನು, ಆಮೇಲೆ ನೀರು ಕೊಡು. ಹಿಂದುಮುಂದು ಮಾಡಿದ್ಯೋ, ಲೋಟ ನಿನ್ನ ತಲೆ ಮೇಲಿರುತ್ತೆ.”

ಆ ತಾಯಿಯ ಪಾಠ ಅಕ್ಕನಿಗೆ ಇಂದಿಗೂ ಬಾಯಿಪಾಠ. ಮುನಿಸು ಬಾಗಿಲು ಮುಚ್ಚಿಕೊಳ್ಳುತ್ತದೆ, ಆದರೆ ಚಿಲಕ ಹಾಕುವುದಿಲ್ಲ. ಯಾರಾದರೂ ಬಂದು ತಳ್ಳಲಿ ಎಂದು ಒಳಗೆ ಕಾಯುತ್ತಿರುತ್ತದೆ. ಸೆಡವು ಚಿಲಕ ಹಾಕಿಕೊಂಡು ಕಿಟಕಿಯಲ್ಲಿ ನಿಂತು ಯಾರು ಬಂದರೆಂದು ನೋಡುತ್ತದೆ. ದುಮುಗುಡುವುದು ಬಾಗಿಲನ್ನು ತೆರೆದೇ ಇಟ್ಟು, ಹೋಗಿಬರುವವರಿಗೆಲ್ಲ ಕೇಳುವ ಹಾಗೆ ಪಾತ್ರೆ ಜೋಡಿಸುತ್ತದೆ. ಇನ್ನು ಕೆಂಡಾಮಂಡಲಕ್ಕೆ ಬಾಗಿಲೇ ಇರುವುದಿಲ್ಲ. ಅದನ್ನು ಆಗಲೇ ಕಿತ್ತು ಎಸೆದಾಗಿರುತ್ತದೆ.

ಅಕ್ಕನಿಗೆ ಹದಿನಾಲ್ಕು ವರ್ಷವಾಗಿದ್ದಾಗ ಒಂದು ಕೋಟು ತಿರುಗಿ ಬಂತು. ಹಾಕಿಕೊಂಡವರು ಅದರೊಳಗೆ, ಚೀಲದಲ್ಲಿ ಉಳಿದ ಕೊನೆಯ ಈರುಳ್ಳಿಯ ಹಾಗೆ ಉರುಳಾಡುತ್ತಿದ್ದರು. ಅಪ್ಪ ತಾನು ಬರೆದ ಅಳತೆ ತೋರಿಸಿ ಹರಿಹಾಯ್ದರು, ಅವರು ತಮ್ಮ ಎದೆ ತೋರಿಸಿ ಹರಿಹಾಯ್ದರು. ಮೂಲೆಯಲ್ಲಿ ಕಾಜಾ ಹಾಕುತ್ತಿದ್ದ ಹುಡುಗಿ ಎದ್ದು ನಿಂತಳು.

“ಅಪ್ಪಾ, ಅವತ್ತು ಅವರು ಯಾರದೋ ಮೇಲೆ ಸಿಟ್ಟಾಗಿ ಬಂದಿದ್ರು. ಎದೆ ಉಬ್ಬಿತ್ತು. ನೀವು ಅವರ ಅಳತೆ ತಗೊಂಡಿಲ್ಲ, ಸಿಟ್ಟಿನ ಅಳತೆ ತಗೊಂಡಿದೀರಿ.”

ಹುಡುಗಿ ನಿಲ್ಲಿಸಲಿಲ್ಲ.

“ಸಿಟ್ಟು ಬಂದಿದೆ ಅನ್ನೋರಿಗೆ ಕಳೀಬೇಕು ಅಪ್ಪಾ, ನಾಳೆ ಇಳಿಯುತ್ತೆ. ಸಿಟ್ಟಿನವರು ಅನ್ನೋರಿಗೆ ಕೂಡಬೇಕು, ದಿನಾ ಉಬ್ತಾರೆ.”

ಮರುದಿನ ಬೆಳಿಗ್ಗೆ ನೋಡಿದರೆ ಅಪ್ಪ ಅಳತೆ ಪುಸ್ತಕದ ಪ್ರತಿ ಪುಟದಲ್ಲೂ ಅಡಿಕೋಲು ಇಟ್ಟು ಆರನೆಯ ಗೆರೆ ಎಳೆದಿದ್ದರು. ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದು, ಸಿಟ್ಟಿನ ಮನೆ ಖಾಲಿ ಬಿಟ್ಟು, ಮಗಳ ಕೈಗೆ ಪೆನ್ಸಿಲು ಕೊಟ್ಟಿದ್ದರಂತೆ. ಅವಳು ಏನು ಬರೆದಳೆಂದು ನನಗೆ ಹೇಳಿಲ್ಲ. ಎರಡಿಂಚು ಕೂಡಿದ್ದು ಮಾತ್ರ ನಿಜ, ಆ ಅಂಗಿಗೆ ನಾನೇ ಇಸ್ತ್ರಿ ಮಾಡಿದ್ದೇನೆ.

ಅಂದಿನಿಂದ ಇಂದಿನವರೆಗೆ ಆ ಲೆಕ್ಕ ತಪ್ಪಿಲ್ಲ. ಗೊಣಗುವವರಿಗೆ ಎದೆ ಇದ್ದಷ್ಟೇ, ಕಾಲರ್ ಮಾತ್ರ ಕಾಲಿಂಚು ಸಡಿಲ, ಏಕೆಂದರೆ ಅವರ ಗಂಟಲು ನಿದ್ದೆಯಲ್ಲೂ ಆಡುತ್ತಿರುತ್ತದೆ. ಮುಖ ಊದಿಸಿಕೊಂಡು ಬಂದವರ ಭುಜ ಅರ್ಧ ಇಂಚು ಜೋತಿರುತ್ತದೆ, ಅದನ್ನು ಎತ್ತಿ ಅಳೆಯಬೇಕು. ಮುಂಗೋಪಿಗೆ ಅಳತೆ ಬದಲಾಗುವುದಿಲ್ಲ. ಅವನ ಗುಂಡಿಯನ್ನು ನಾಲ್ಕೆಳೆಯ ಬದಲು ಎಂಟೆಳೆಯಲ್ಲಿ ಹೊಲಿಯಬೇಕು, ಅಷ್ಟೆ. ನಾಲ್ಕೆಳೆಯಲ್ಲಿ ಹೊಲಿಸಿಕೊಂಡ ಮುಂಗೋಪಿಯೊಬ್ಬನ ಗುಂಡಿ ಹಾರಿ ಮೂರನೆಯ ಮಹಡಿಯ ಗಡಿಯಾರ ನಿಂತದ್ದನ್ನು ಕಂಡವರು ಈಗಲೂ ಬದುಕಿದ್ದಾರೆ.

ಇಷ್ಟು ಹೇಳಿದ ಮೇಲೆ ಬಸ್ ಡಿಪೋದ ಕಥೆಗೆ ಬರಬಹುದು.

ಡಿಪೋದ ಎಪ್ಪತ್ತೆರಡು ಡ್ರೈವರು ಕಂಡಕ್ಟರುಗಳ ಸಮವಸ್ತ್ರ ಅಪ್ಪನ ಕಾಲದಿಂದ ನಮ್ಮಲ್ಲೇ. ವರ್ಷದಲ್ಲಿ ಎಂಟು ತಿಂಗಳು ನಮ್ಮ ಮೂರೂ ಮೆಷಿನ್ನು ಓಡುವುದು ಅದರಿಂದಲೇ. ಅದು ಹೋದರೆ ಎರಡು ಮೆಷಿನ್ನಿಗೆ ಮುಸುಕು ಹಾಕಿ, ಅವನ್ನು ತುಳಿಯುವ ಇಬ್ಬರು ಹೆಣ್ಣುಮಕ್ಕಳನ್ನು ಮನೆಗೆ ಕಳಿಸಿ, ಅಕ್ಕ ಹಳೆಯ ಪ್ಯಾಂಟುಗಳಿಗೆ ಜಿಪ್ಪು ಹಾಕಿಕೊಂಡು ಕೂರಬೇಕು. ಹೀಗಿರುವಾಗ ಒಂದು ದಿನ ಡಿಪೋದ ಮ್ಯಾನೇಜರು ಖುದ್ದಾಗಿ ಬಂದರು. ಡ್ರೈವರುಗಳು ಅವರಿಗಿಟ್ಟ ಹೆಸರು ಗುಡುಗಪ್ಪ. ಅವರು ‘ನಮಸ್ಕಾರ’ ಎಂದರೂ ಎದುರಿಗಿದ್ದವರು ‘ತಪ್ಪಾಯ್ತು ಸಾರ್’ ಎನ್ನುವಂತಿರುತ್ತಿತ್ತು.

“ಇನ್ಮೇಲೆ ರೆಡಿಮೇಡ್!” ಎಂದು ಗುಡುಗಿದರು. “ಚಿಕ್ಕದು, ನಡುವಿನದು, ದೊಡ್ಡದು. ಮೂರೇ ಸೈಜು. ಎಪ್ಪತ್ತೆರಡು ಜನಕ್ಕೆ ಎಪ್ಪತ್ತೆರಡು ಅಳತೆ ಯಾಕ್ರೀ? ಬಸ್ಸಿನ ಸೀಟು ಎಲ್ಲರಿಗೂ ಒಂದೇ ಸೈಜ್ ಇಲ್ವಾ?”

“ಸೀಟಿಗೆ ಗುಂಡಿ ಇಲ್ವಲ್ಲ ಸಾರ್” ಎಂದಳು ಅಕ್ಕ.

“ಸೋಮವಾರ ಎಲ್ಲರ ಅಳತೆ ಪಟ್ಟಿ ಕಳಿಸಿ. ಎಲ್ಲರೂ ಮೂರು ಸೈಜಲ್ಲಿ ಹಿಡಿದ್ರೋ, ನಿಮ್ಮದು ಮುಗೀತು!”

ಅಕ್ಕ ಹೆದರಲಿಲ್ಲ. ಎರಡು ದಿನ ಕೂತು, ಎಪ್ಪತ್ತೆರಡು ಜನರ ಅಳತೆಯನ್ನು ಹೊಸ ಪುಸ್ತಕಕ್ಕೆ ಚೊಕ್ಕವಾಗಿ ಇಳಿಸಿದಳು. ಐದೇ ಕಾಲಂ. ಆರನೆಯದು ಅಂಗಡಿಯ ಗುಟ್ಟು, ಹೊರಗೆ ಹೋಗಬಾರದು. ಎರಡು ಪುಸ್ತಕಕ್ಕೂ ಒಂದೇ ಬಣ್ಣದ ರಟ್ಟು.

“ಇಸ್ತ್ರಿಯಣ್ಣ, ಪುಸ್ತಕ ಕಟ್ಟಿ ಡಿಪೋಗೆ ಕೊಟ್ಟು ಬಾ.”

ಹೊಸ ಪುಸ್ತಕದ ರಟ್ಟು ಒಂದು ಮೂಲೆಯಲ್ಲಿ ಮಡಿಚಿಕೊಂಡಿತ್ತು. ನಲವತ್ತು ವರ್ಷ ಇಸ್ತ್ರಿ ಮಾಡಿದವನು ಮಡಿಕೆ ಕಂಡರೆ ಸುಮ್ಮನಿರುತ್ತಾನೆಯೇ? ಒದ್ದೆ ಬಟ್ಟೆ ಹಾಸಿ, ಬೆಚ್ಚಗೆ ಒಂದು ಸುತ್ತು ಎಳೆದೆ. ಬಿಸಿ ಆರುವ ತನಕ ಮೇಲೆ ಭಾರ ಇಟ್ಟರೆ ಮಡಿಕೆ ಮತ್ತೆ ಏಳುವುದಿಲ್ಲ. ಕೈಗೆ ಸಿಕ್ಕಿದ ಭಾರವೆಂದರೆ ಹಳೆಯ ಪುಸ್ತಕ. ಅದನ್ನು ಹೊಸದರ ಮೇಲಿಟ್ಟು, ಒಂದು ಟೀ ಕುಡಿದು ಬಂದು, ಮೇಲಿದ್ದದ್ದನ್ನು ಎತ್ತಿ, ಅಚ್ಚುಕಟ್ಟಾಗಿ ಕಟ್ಟಿ ಕೊಟ್ಟು ಬಂದೆ. ಅಷ್ಟು ಅಂದವಾಗಿ ಕಟ್ಟಿದ ತಪ್ಪು ಈ ಬೀದಿಯಲ್ಲಿ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಡಿಪೋದ ಗುಮಾಸ್ತ, ಎಲ್ಲರೂ ತಮ್ಮ ಅಳತೆ ಸರಿಯಿದೆಯೇ ನೋಡಿಕೊಳ್ಳಲಿ ಎಂದು ವಿಶ್ರಾಂತಿ ಕೋಣೆಯಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದಿದನಂತೆ. ಎದೆ ಓದಿದ, ಸೊಂಟ ಓದಿದ, ಸಿಟ್ಟನ್ನೂ ಓದಿದ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮೆಟ್ಟಿಲ ಮುಂದೆ ನಿಂತವರನ್ನು ನೋಡಿ ಬಸ್ ನಿಲ್ದಾಣವೇ ಇಲ್ಲಿಗೆ ಬಂತೆಂದು ತಿಳಿದು ಇಬ್ಬರು ಪ್ರಯಾಣಿಕರೂ ಬಂದು ನಿಂತರು.

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಎಷ್ಟಿಂಚು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮೊದಲು ನುಗ್ಗಿದವನು ಎಲ್ಲರೂ ಹಾರ್ನ್ ಮಾವ ಎಂದು ಕರೆಯುವ ಹಳೆಯ ಡ್ರೈವರು.

“ಏನಮ್ಮಾ, ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದಿದೀನಿ. ನಾನು ಕೂಗಿದ್ರೆ ಎಮ್ಮೆ ರಸ್ತೆ ಬಿಡುತ್ತೆ. ನನಗೆ ಬರೀ ‘ಗೊಣಗು’ ಅಂತ ಬರೆದಿದೀಯಾ? ನಿನ್ನೆ ಮೊನ್ನೆ ಬಂದ ಇವನಿಗೆ ‘ಉರಿಮುಖ’!”

“ಮಾವಾ, ನೀವು ಕೂಗೋದು ಹಾರ್ನಲ್ಲಿ. ಬಾಯಲ್ಲಿ ಗೊಣಗ್ತೀರಿ. ಹಾರ್ನಿಗೆ ನಾನು ಅಂಗಿ ಹೊಲಿಯೋದಿಲ್ಲ.”

ಹೊರಗಿದ್ದವರೆಲ್ಲ ನಕ್ಕರು. ಹಾರ್ನ್ ಮಾವ ಗೊಣಗಿದ. ಗೊಣಗಿದ್ದು ತನಗೇ ಕೇಳಿಸಿ ಸುಮ್ಮನಾದ.

ಅವನ ಹಿಂದೆಯೇ ಇದ್ದ ಹೆಂಗಸು ಕಂಡಕ್ಟರು. “ನನ್ನ ಹೆಸರಿನ ಮುಂದೆ ‘ಮೂಗಿನ ತುದಿ’ ಅಂತಿದೆ. ಮೂಗಿನ ತುದೀಲಿ ಸಿಟ್ಟಿದ್ರೆ ಅಂಗಿಗೇನಾಗ್ಬೇಕು ನಿಮಗೆ?”

“ಏನೂ ಆಗೋದಿಲ್ಲ ಕಣಮ್ಮ. ಆ ಸಿಟ್ಟು ಕತ್ತಿನಿಂದ ಕೆಳಗೆ ಇಳಿಯೋದೇ ಇಲ್ಲ. ಅದಕ್ಕೇ ಪಕ್ಕದಲ್ಲಿ ಸೊನ್ನೆ ಹಾಕಿದೀನಿ, ಓದ್ಲಿಲ್ವಾ?”

ಅವಳಿಗೆ ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ಮೂಗು ಮಾತ್ರ ಕೆಂಪಾಯಿತು, ಅಂಗಿ ಅಲ್ಲಾಡಲಿಲ್ಲ. ಇನ್ನೊಬ್ಬ ಬಂದು, “ನನಗೆ ಜಗಳಗಂಟ ಅಂತ ಬರೆದಿದ್ದೀರಲ್ಲ, ನನ್ನ ಹೆಂಡ್ತಿ ನಿಮಗೆ ಮೊದಲೇ ಬಂದು ಹೇಳಿದ್ಲಾ?” ಎಂದು ಜಗಳ ತೆಗೆದ. ಒಬ್ಬೊಬ್ಬರೂ ಬಂದದ್ದು ಇಂಥ ದೂರಿಗೇ. ಸಿಟ್ಟಿನವನೆಂದು ಬರೆದಿದ್ದಕ್ಕೆ ಒಬ್ಬನಿಗೂ ಬೇಸರವಿರಲಿಲ್ಲ; ಪಕ್ಕದವನಿಗಿಂತ ಕಾಲಿಂಚು ಕಡಿಮೆ ಬರೆದದ್ದೇ ಎಲ್ಲರ ಗೋಳು.

ಗದ್ದಲ ಕರಗಿದ ಮೇಲೆ ಮೆಟ್ಟಿಲ ಬಳಿ ಒಬ್ಬ ಉಳಿದಿದ್ದ. ಡಿಪೋದಲ್ಲಿ ಅವನನ್ನು ನಗುಮುಖ ಎನ್ನುತ್ತಾರೆ. ಪ್ರಯಾಣಿಕರು ಬೈದರೂ ನಗುವ, ಚಿಲ್ಲರೆ ಎಸೆದರೂ ಬಗ್ಗಿ ಆರಿಸಿಕೊಂಡು ನಗುವ ಕಂಡಕ್ಟರು. ಅವನ ಸಾಲಿನಲ್ಲಿ ಅಕ್ಕ ಬರೆದದ್ದು: ‘ಒಳಗುದಿ, ಎರಡಿಂಚು ಕೂಡು’. ಡಿಪೋದವರ ಸಾಲುಗಳಲ್ಲೆಲ್ಲ ದೊಡ್ಡ ಅಂಕಿ. ಅದನ್ನು ಓದಿದಾಗ ಡಿಪೋದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಅವನೂ ನಕ್ಕನಂತೆ.

“ಏನಪ್ಪಾ, ನಿಂದೂ ತಪ್ಪಾಗಿದೆಯಾ?” ಎಂದಳು ಅಕ್ಕ.

ಅವನು ನಗುತ್ತಲೇ ಇದ್ದ. “ಇಲ್ಲ ಅಕ್ಕಾ. ನಂದು ಸರಿಯಾಗಿದೆ. ಅಷ್ಟು ಹೇಳೋಣ ಅಂತ ಬಂದೆ.” ಟೋಪಿ ಸರಿಮಾಡಿಕೊಂಡು ಹೋದ.

ಮೆಷಿನ್ನಿನವರು ತುಳಿಯುವುದನ್ನು ನಿಲ್ಲಿಸಿದರು. ನಾನೂ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದೆ.

ಗುಡುಗು ಬಂದದ್ದು ಆಮೇಲೆ. ಮ್ಯಾನೇಜರು ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಒಳಗೆ ಕಾಲಿಟ್ಟಾಗ ಕನ್ನಡಿಯ ಬಿರುಕು ಇನ್ನರ್ಧ ಇಂಚು ಮುಂದೆ ಹೋಯಿತು. ಕಳೆದ ವರ್ಷ ಅವರೂ ನಮ್ಮಲ್ಲಿ ಒಂದು ಕೋಟು ಹೊಲಿಸಿದ್ದರು. ಆ ಸಾಲನ್ನು ನಾವು ಮರೆತಿದ್ದೆವು. ಗುಮಾಸ್ತ ಮರೆತಿರಲಿಲ್ಲ.

“‘ಹುಸಿಗೋಪ, ಸೊನ್ನೆ’!” ಪುಸ್ತಕವನ್ನು ಮೇಜಿಗೆ ಬಡಿದರು. “ಏನ್ರೀ ಇದು? ಬೆಳಿಗ್ಗೆಯಿಂದ ಒಬ್ಬನೂ ನನಗೆ ಹೆದರ್ತಿಲ್ಲ! ಗದರಿದ್ರೆ ‘ಸೊನ್ನೆ ಸಾರ್’ ಅಂತಾರೆ! ಕ್ಲೀನರ್ ಬಂದು ಹೆಗಲ ಮೇಲೆ ಕೈ ಹಾಕಿದ! ಇಪ್ಪತ್ತು ವರ್ಷ ಕಷ್ಟಪಟ್ಟು ಕಟ್ಟಿದ ಸಿಟ್ಟು ಕಣ್ರೀ ಇದು! ಮುಗೀತು, ನಿಮ್ಮ ಅಂಗಡಿಗೂ ನಮ್ಮ ಡಿಪೋಗೂ ಇವತ್ತಿಗೆ...”

“ಕೈ ಎತ್ತಿ ಸಾರ್.”

ದರ್ಜಿ ಕೈ ಎತ್ತಿ ಎಂದರೆ ಎತ್ತದವನು ಭೂಮಿಯ ಮೇಲಿಲ್ಲ, ಜಗಳದ ನಡುವೆಯೂ. ಮ್ಯಾನೇಜರು ಬೈಯುತ್ತಲೇ ಎರಡೂ ಕೈ ಅಗಲಿಸಿದರು. ಅಕ್ಕನ ಟೇಪು ಅವರ ಎದೆಯನ್ನು ಸುತ್ತಿ ಬಂತು.

“ಹೋದ ವರ್ಷ ಮೂವತ್ತೆಂಟು” ಎಂದಳು. “ಅವತ್ತೂ ಇಷ್ಟೇ ಜೋರಾಗಿ ಕೂಗಿದ್ರಿ, ಟೇಪು ಕೂದಲೆಳೆಯಷ್ಟೂ ಅಲ್ಲಾಡಿರ್ಲಿಲ್ಲ. ಅದಕ್ಕೇ ಸೊನ್ನೆ. ಇವತ್ತು ಮೂವತ್ತೊಂಬತ್ತೂವರೆ. ಇದು ನಿಜವಾದ ಸಿಟ್ಟು ಸಾರ್. ಇಸ್ತ್ರಿಯಣ್ಣ, ಪೆನ್ಸಿಲ್ ಕೊಡು, ತಿದ್ದಬೇಕು.”

ಟೇಪನ್ನು ಒಂದು ಕೈಯಲ್ಲಿ ಹಿಡಿದೇ ಹಳೆಯ ಮಾತಿಗೆ ಗೆರೆ ಎಳೆದು, ‘ಕೆಂಡಾಮಂಡಲ, ಒಂದೂವರೆ’ ಎಂದು ಬರೆದಳು. ಮ್ಯಾನೇಜರು ಕತ್ತು ಚಾಚಿ ಓದಿದರು. ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ಪಾಸಾದವನ ಮುಖ ನೋಡಿದ್ದೀರಲ್ಲ, ಹಾಗಿತ್ತು. ಅವರ ಬಾಯಿಂದ ಉಸ್ಸೆಂದು ಒಂದು ಉಸಿರು ಹೊರಬಿತ್ತು. ಎದೆಯ ಮೇಲಿದ್ದ ಟೇಪು ಮೆಲ್ಲಗೆ ಸಡಿಲಾಗಿ ಹೊಟ್ಟೆಗೆ ಇಳಿಯಿತು.

“ಏನ್ರೀ, ಟೇಪು ಜಾರ್ತಿದೆ?”

“ಜಾರಿದ್ದು ಟೇಪಲ್ಲ ಸಾರ್, ಸಿಟ್ಟು.”

ಅವರು ಟೇಪನ್ನೇ ನೋಡುತ್ತ ನಿಂತರು. ತಮ್ಮದೇ ಎದೆಯ ಒಂದೂವರೆ ಇಂಚು ತಮ್ಮ ಕಣ್ಣೆದುರೇ ಹೋದದ್ದನ್ನು ಅವರು ಮೊದಲ ಸಲ ಕಂಡದ್ದು. ಅಕ್ಕ ಸ್ಟೂಲು ಸರಿಸಿದಳು.

“ಮೊದಲು ಕೂತ್ಕೊಳ್ಳಿ” ಎಂದಳು. ಆಮೇಲೆ ನೀರು ಕೊಟ್ಟಳು. “ಸಾರ್, ರೆಡಿಮೇಡ್ ಅಂಗೀನ ಸಮಾಧಾನವಾಗಿರೋ ಮನುಷ್ಯನ ಅಳತೆಗೆ ಹೊಲೀತಾರೆ. ನಿಮ್ಮ ಡಿಪೋದಲ್ಲಿ ಅಂಥವರು ಎಷ್ಟು ಜನ ಇದಾರೆ?”

ಮ್ಯಾನೇಜರು ಪುಸ್ತಕ ತಿರುವಿದರು. ಸಿಡುಕ, ಸಿಡುಕ, ಮುಂಗೋಪಿ, ಉರಿಮುಖ, ಜಗಳಗಂಟ. ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ನಾಲಿಗೆ ಒಣಗಿತು, ಸಮಾಧಾನದವನು ಸಿಗಲಿಲ್ಲ. ಕೊನೆಗೆ, “ನಗುಮುಖ ಇದಾನಲ್ಲ!” ಎಂದರು.

ಅಕ್ಕ ಪುಟ ತೆಗೆದು ತೋರಿಸಿದಳು.

“ಎರಡಿಂಚಾ? ಇವನಿಗಾ? ಹನ್ನೊಂದು ವರ್ಷದಲ್ಲಿ ಇವನ ಮೇಲೆ ಒಂದು ದೂರು ಬಂದಿಲ್ಲ.”

“ಅವನು ಕೊಡೋ ದೂರನ್ನ ಯಾರಾದ್ರೂ ಕೇಳಿದೀರಾ ಸಾರ್?”

ಮ್ಯಾನೇಜರು ನೀರಿನ ಲೋಟವನ್ನು ಕೈಯಲ್ಲಿ ತಿರುಗಿಸಿದರು. ಕೇಳಿದ್ದು ಮಾರನೆಯ ದಿನ. ಆಗ ಗೊತ್ತಾದದ್ದು: ಯಾರು ರಜೆ ಹಾಕಿದರೂ ಅವರ ಪಾಳಿ ನಗುಮುಖನಿಗೇ, ಬೆಳಗಿನ ಮೊದಲ ಬಸ್ಸೂ ಹನ್ನೊಂದು ವರ್ಷದಿಂದ ಅವನಿಗೇ, ಕಾರಣ, ಅವನು ಒಲ್ಲೆ ಎನ್ನುವುದಿಲ್ಲ. ಮ್ಯಾನೇಜರು ಪಾಳಿಯನ್ನು ಸರದಿಗೆ ಹಾಕಿದರು. ಆ ವಾರ ನಗುಮುಖ ಒಬ್ಬ ಪ್ರಯಾಣಿಕನಿಗೆ ಮುಖ ಗಂಟು ಹಾಕಿಕೊಂಡು “ಚಿಲ್ಲರೆ ಕೈಗೆ ಕೊಡ್ರೀ” ಎಂದನಂತೆ. ಸುದ್ದಿ ಕೇಳಿ ಅಕ್ಕ ಅವನ ಸಾಲಿನಲ್ಲಿ ಎರಡನ್ನು ಒಂದೂಕಾಲು ಮಾಡಿದಳು.

ಇದೆಲ್ಲ ಆಮೇಲಿನ ಮಾತು. ಅವತ್ತು ಮ್ಯಾನೇಜರು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ಅಳತೆ ಮೊದಲಿನ ಹಾಗೇ ಇರಲಿ. ಎಪ್ಪತ್ತೆರಡೂ ನೀವೇ ಹೊಲೀರಿ” ಎಂದರು. “ಒಂದು ಷರತ್ತು. ನನಗೂ ಒಂದು ಅಂಗಿ ಹೊಲೀಬೇಕು. ಆ ಒಂದೂವರೆ ಇಂಚು ಕೂಡಿಸಿ ಹೊಲೀಬೇಕು.”

“ಅದು ಇವತ್ತು ಬಂದ ಸಿಟ್ಟು ಸಾರ್. ಕಳೆಯೋ ಲೆಕ್ಕ.”

“ಕೂಡಿಸಿ ಅಂದೆ! ನಾನು ಸಿಟ್ಟಿನವನೇ!”

“ಕೂಡಿಸ್ತೀನಿ. ಅಂಗಿ ನಿಮ್ಮ ಮಾತು ಕೇಳುತ್ತೋ ಇಲ್ವೋ ನೋಡೋಣ.”

ಮೂರು ಮೆಷಿನ್ನೂ ಮತ್ತೆ ಓಡಿದವು. ಎಪ್ಪತ್ತೆರಡು ಜೊತೆ ಸಮವಸ್ತ್ರಕ್ಕೂ ನಾನೇ ಇಸ್ತ್ರಿ ಮಾಡಿದೆ, ಈ ಸಲ ಪುಸ್ತಕಗಳಿಂದ ಮೂರು ಮಾರು ದೂರ ನಿಂತು. ಮ್ಯಾನೇಜರ ಅಂಗಿ ಕೊನೆಯಲ್ಲಿ ಆಯಿತು. ಅವರು ಟ್ರಯಲ್ಲಿಗೆ ಬಂದು, ಪರದೆ ಎಳೆದುಕೊಂಡು, ಹಾಕಿಕೊಂಡು ಹೊರಗೆ ಬಂದರು. ಅಂಗಿ ಅವರ ಮೈಮೇಲೆ, ಗಾಳಿ ನಿಂತ ದಿನ ತಂತಿಯ ಮೇಲಿರುವ ಬಟ್ಟೆಯಂತೆ ಜೋತುಬಿದ್ದಿತ್ತು.

“ಸಡಿಲ ಆಯ್ತಲ್ರೀ.”

“ಸಿಟ್ಟು ಮಾಡ್ಕೊಳ್ಳಿ ಸಾರ್, ಸರಿಹೋಗುತ್ತೆ.”

ಮ್ಯಾನೇಜರು ಹುಬ್ಬು ಗಂಟಿಕ್ಕಿದರು. ಅಂಗಿ ಅಲ್ಲಾಡಲಿಲ್ಲ. ಹಲ್ಲು ಕಡಿದರು. ಅಂಗಿ ಹಾಗೇ ಇತ್ತು. ಸುತ್ತ ಹುಡುಕಿ ಕೊನೆಗೆ ನನ್ನ ಕಡೆ ಬೆರಳು ತೋರಿಸಿ, “ಆ ಪುಸ್ತಕ ಕಟ್ಟಿ ಕಳಿಸಿದ್ದು ಈ ಇಸ್ತ್ರಿಯವನೇ ಅಲ್ವಾ!” ಎಂದು ಇಡೀ ಕಟ್ಟಡ ನಡುಗುವಂತೆ ಗುಡುಗಿದರು. ಮೇಲಿನ ಮಹಡಿಯಲ್ಲಿ ಯಾರದೋ ಮಗು ಎದ್ದು ಅತ್ತಿತು. ಅಂಗಿಯಲ್ಲಿ ಒಂದು ನೆರಿಗೆಯೂ ಬಿಚ್ಚಲಿಲ್ಲ.

ನನ್ನ ಬಾಯಿ ಸುಮ್ಮನಿರಬಾರದೇ?

“ಸೊನ್ನೆ ಸಾರ್” ಎಂದೆ.

ಮೆಷಿನ್ನುಗಳು ನಿಂತವು. ಅಕ್ಕ ಕಣ್ಣು ಮುಚ್ಚಿಕೊಂಡಳು. ಮ್ಯಾನೇಜರು ನನ್ನನ್ನು ನೋಡಿದರು, ಕನ್ನಡಿ ನೋಡಿದರು, ಕನ್ನಡಿಯಲ್ಲಿ ಎರಡು ತುಂಡಾಗಿ ನಿಂತ ತಮ್ಮನ್ನು ನೋಡಿದರು. ಹೊಟ್ಟೆಯಲ್ಲೆಲ್ಲೋ ಏನೋ ಶುರುವಾಯಿತು. ಮೊದಲು ಭುಜ ಕುಲುಕಿತು, ಆಮೇಲೆ ನಗು ಬಾಯಿಗೆ ಬಂತು. ಇಪ್ಪತ್ತು ವರ್ಷ ಕೂಡಿಟ್ಟ ನಗು. ಎದೆ ತುಂಬಿ ಅಂಗಿಯ ನೆರಿಗೆಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಭುಜ ಭುಜಕ್ಕೆ ಕೂತಿತು, ಪಕ್ಕೆ ಪಕ್ಕೆಗೆ ಕೂತಿತು, ಆ ಅಂಗಿ ಅವರಿಗೆ ಅಚ್ಚಿನಲ್ಲಿ ಎರೆದ ಹಾಗೆ ಸರಿಯಾಯಿತು. ಅಷ್ಟಕ್ಕೇ ನಿಲ್ಲದೆ ಎದೆಯ ಗುಂಡಿಯೊಂದು ಟಪ್ಪೆಂದು ಹಾರಿ, ನನ್ನ ಇಸ್ತ್ರಿಪೆಟ್ಟಿಗೆಗೆ ಬಡಿದು, ಗಂಟೆಯಂತೆ ಸದ್ದು ಮಾಡಿ, ಮೇಜಿನಡಿಗೆ ಉರುಳಿತು.

ಅಕ್ಕ ಪೆನ್ಸಿಲ್ ತೆಗೆದು ಅವರ ಸಾಲಿನಲ್ಲಿ ಏನೋ ಬರೆದು ಪುಸ್ತಕ ಮುಚ್ಚಿದಳು.

“ಎಂಟೆಳೆ ಹಾಕಬೇಕಿತ್ತು” ಎಂದಳು. “ಇಸ್ತ್ರಿಯಣ್ಣ, ಗುಂಡಿ ಹುಡುಕು.”